ಕಾಫಿ ಪುಡಿಯ ಜಾಲತಾಣಕ್ಕೆ ಕಂದು ಬಣ್ಣ: ಯಾವ ಕೋಡ್ ಕೊಡಲಿ?

ಪ್ರಶ್ನೆ: ನಮಸ್ಕಾರ. ಚಿಕ್ಕಮಗಳೂರಿನ ನಮ್ಮ ಮನೆಯ ಕಾಫಿ ಪುಡಿ ಮಾರಾಟಕ್ಕೆ ನಾನೇ ಒಂದು ಜಾಲತಾಣ ಕಟ್ಟುತ್ತಿದ್ದೇನೆ. ಸಿಎಸ್‌ಎಸ್‌ನಲ್ಲಿ (ಪುಟದ ಬಣ್ಣ, ವಿನ್ಯಾಸ ಹೇಳುವ ಭಾಷೆ) ‘ಬ್ರೌನ್’ ಎಂದು ಬರೆದರೆ ಇಟ್ಟಿಗೆಯಂಥ ಕೆಂಪು ಬರುತ್ತಿದೆ. ಹುರಿದ ಬೀಜದ ಬಣ್ಣ ಬರಬೇಕಾದರೆ ಯಾವ ಕೋಡನ್ನು ಯಾವ ರೂಪದಲ್ಲಿ ಕೊಡಬೇಕು? ಅನುಭವ ಇರುವವರು ದಯವಿಟ್ಟು ತಿಳಿಸಿ.

ಉತ್ತರ 1: ನಿಮ್ಮ ಕಡೆಯಿಂದ ತಪ್ಪೇನೂ ಆಗಿಲ್ಲ ಮೇಡಂ. ಆ ಹೆಸರಿಗೆ ನಿಗದಿಯಾಗಿರುವ ಬಣ್ಣವೇ ಆರ್‌ಜಿಬಿ (ಕೆಂಪು, ಹಸಿರು, ನೀಲಿಯ ಪ್ರಮಾಣ, ತಲಾ 0ರಿಂದ 255) 165, 42, 42. ಹಸಿರು ಮತ್ತು ನೀಲಿ ಸಮನಾಗಿದ್ದು ಕೆಂಪೊಂದೇ ಮೇಲೆದ್ದಿರುವುದರಿಂದ ಅದು ಇಟ್ಟಿಗೆಯ ಹಾಗೆ ಕಾಣುತ್ತದೆ. ಕಾಫಿಯ ಕಂದಿಗೆ ಹಸಿರು ನೀಲಿಗಿಂತ ಹೆಚ್ಚಿರಬೇಕು. ನಾನು ಇಂಥ ಕೆಲಸಗಳಿಗೆ #654321 ಬಳಸುತ್ತೇನೆ. ಇದು ಹೆಕ್ಸ್ ರೂಪ, ಅಂದರೆ ಅದೇ ಮೂರು ಪ್ರಮಾಣಗಳನ್ನು ಹದಿನಾರರ ಲೆಕ್ಕದಲ್ಲಿ ಎರಡೆರಡು ಅಂಕಿಯಾಗಿ ಬರೆದದ್ದು. ಆರ್‌ಜಿಬಿಯಲ್ಲಿ ಅದು 101, 67, 33. ಎಚ್‌ಎಸ್‌ಎಲ್‌ನಲ್ಲಿ (ಬಣ್ಣದ ಚಕ್ರದಲ್ಲಿನ ಜಾಗ, ಸಾಂದ್ರತೆ, ಬೆಳಕು) ಸುಮಾರು 30 ಡಿಗ್ರಿ, 51%, 26%.

ವಿನ್ಯಾಸ ಮಾಡುವಾಗ ನನಗೆ ಹೆಚ್ಚು ಒದಗಿಬಂದದ್ದು ಎಚ್‌ಎಸ್‌ಎಲ್. 30 ಡಿಗ್ರಿ ಎಂದರೆ ವಾಸ್ತವದಲ್ಲಿ ಕಿತ್ತಳೆಯ ಜಾಗ. ಕಂದು ಎನ್ನುವುದು ಬೆಳಕು ತಗ್ಗಿದ ಕಿತ್ತಳೆಯೇ. ಹಾಗಾಗಿ ಮೊದಲೆರಡು ಅಂಕಿಗಳನ್ನು ಮುಟ್ಟದೆ ಕೊನೆಯದನ್ನು 20% ಮಾಡಿದರೆ ಬಟನ್ ಒತ್ತಿದಾಗ ತೋರಿಸುವ ಗಾಢ ಕಂದು ಸಿಗುತ್ತದೆ, 94% ಮಾಡಿದರೆ ಪುಟದ ಹಿನ್ನೆಲೆಗೆ ಒಪ್ಪುವ ಕೆನೆಬಣ್ಣ ಸಿಗುತ್ತದೆ, ಮತ್ತು ಮೂರೂ ಒಂದೇ ಮನೆಯ ಬಣ್ಣಗಳಂತೆ ಹೊಂದಿಕೊಳ್ಳುತ್ತವೆ.

ಒಂದು ಎಚ್ಚರಿಕೆ. ಒಮ್ಮೆ ಕೋಡನ್ನು ನಕಲು ಮಾಡುವಾಗ ಕೊನೆಯ ಮೂರು ಅಂಕಿ ಬಿಟ್ಟುಹೋಗಿ #654 ಎಂದಷ್ಟೇ ಉಳಿದಿತ್ತು. ಬ್ರೌಸರ್ ಯಾವ ದೋಷವನ್ನೂ ತೋರಿಸಲಿಲ್ಲ, ಏಕೆಂದರೆ ಮೂರಂಕಿಯ ರೂಪವೂ ಸರಿಯಾದದ್ದೇ: ಪ್ರತಿ ಅಂಕಿಯೂ ಎರಡೆರಡಾಗಿ ಅದು #665544 ಆಗುತ್ತದೆ. ಡಿಗ್ರಿ 30 ಆಗಿಯೇ ಉಳಿದರೂ ಬಣ್ಣದ ಸಾಂದ್ರತೆ 51ರಿಂದ 20%ಗೆ ಇಳಿದು, ತಲೆಪಟ್ಟಿ ಬೂದಿ ಬಳಿದಂತೆ ಮಂಕಾಗಿತ್ತು. ಎರಡು ದಿನ ನಾನು ಮಾನಿಟರನ್ನೇ ಅನುಮಾನಿಸಿದೆ. ಅಂದಿನಿಂದ ಬಣ್ಣವನ್ನು ಒಂದೇ ಕಡೆ ಸಿಎಸ್‌ಎಸ್ ವೇರಿಯಬಲ್ ಆಗಿ ಬರೆದಿಟ್ಟು, ಉಳಿದೆಡೆ ಅದರ ಹೆಸರನ್ನಷ್ಟೇ ಬಳಸುತ್ತೇನೆ.

ಉತ್ತರ 2: ಮೇಲಿನವರು ಹೇಳಿದ ಬಣ್ಣವನ್ನು ಅಕ್ಷರಕ್ಕೂ ಧೈರ್ಯವಾಗಿ ಬಳಸಬಹುದು. ಬಿಳಿಯ ಮೇಲೆ ಅದರ ಕಾಂಟ್ರಾಸ್ಟ್ (ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರ) ಸುಮಾರು 8.8:1, ಆ ಕೆನೆಬಣ್ಣದ ಮೇಲೆ 7.8:1 ಬರುತ್ತದೆ, ಸಾಮಾನ್ಯ ಗಾತ್ರದ ಅಕ್ಷರಕ್ಕೆ ಡಬ್ಲ್ಯುಸಿಎಜಿ (ಎಲ್ಲರಿಗೂ ಬಳಸಲಾಗುವ ಜಾಲತಾಣಕ್ಕಾಗಿ ಇರುವ) ಮಾನದಂಡದ ಎಎ ಮಟ್ಟ ಕೇಳುವುದು 4.5:1. ಆದರೆ ‘ಚಾಕೊಲೇಟ್’ ಎಂಬ ಹೆಸರಿನ ಬಣ್ಣ, ಅಂದರೆ 210, 105, 30, ಬಿಳಿಯ ಮೇಲೂ ಸುಮಾರು 3.6:1 ದಾಟುವುದಿಲ್ಲ. ಕನ್ನಡಕ್ಕೆ ಇದು ಇನ್ನೂ ಮುಖ್ಯವೆಂದು ನನ್ನ ಅನುಭವ. ‘ಚಿಕ್ಕಮಗಳೂರು’ ಎಂದು ಸಣ್ಣ ಗಾತ್ರದಲ್ಲಿ ಬರೆದು ಬಿಸಿಲಿನಲ್ಲಿ ಫೋನ್ ಹಿಡಿದು ನೋಡಿ. ಬಣ್ಣ ತೆಳುವಾಗಿದ್ದರೆ ಮೊದಲು ಮಾಯವಾಗುವುದು ಕೆಳಗಿನ ಕ ಒತ್ತು. ಕಪ್ಪು ಹಿನ್ನೆಲೆಯ ಡಾರ್ಕ್ ಮೋಡ್‌ನಲ್ಲಿ #654321 ಕೇವಲ 2.4:1ರಷ್ಟಿರುವುದರಿಂದ ಅಲ್ಲಿ ಅಕ್ಷರಕ್ಕೆ ಕೆನೆಬಣ್ಣವನ್ನೇ ಕೊಡಿ.

ಉತ್ತರ 3: ಬೀಜದ ಫೋಟೋ ಮೇಲೆ ಕಂದು ಪಟ್ಟಿ ಹಾಸಿ ಬರಹ ಹಾಕುವ ಯೋಚನೆಯಿದ್ದರೆ ಇಡೀ ಪಟ್ಟಿಗೆ ಅಪಾಸಿಟಿ (ಪಾರದರ್ಶಕತೆ ಹೊಂದಿಸುವ ಗುಣ) ಕೊಡಬೇಡಿ, ಅದು ಒಳಗಿನ ಅಕ್ಷರವನ್ನೂ ಮಸುಕು ಮಾಡುತ್ತದೆ. ಹಿನ್ನೆಲೆಯ ಬಣ್ಣಕ್ಕೆ ಮಾತ್ರ ಎಂಟಂಕಿಯ #65432180 ಕೊಟ್ಟರೆ ಪಟ್ಟಿಯಷ್ಟೇ ಅರೆ ಪಾರದರ್ಶಕವಾಗುತ್ತದೆ. ಕೊನೆಯ 80 ಎಂದರೆ ಎಂಬತ್ತು ಶೇಕಡ ಅಲ್ಲ. ಹೆಕ್ಸ್ ಲೆಕ್ಕದಲ್ಲಿ ಅದು 255ರಲ್ಲಿ 128, ಹೆಚ್ಚುಕಡಿಮೆ ಅರ್ಧ.

ಉತ್ತರ 4: ಪುಡಿಯ ಪೊಟ್ಟಣಕ್ಕೂ ಇದೇ ಬಣ್ಣ ಬೇಕೆಂದರೆ ಪ್ರೆಸ್‌ನವರು ಸಿಎಂವೈಕೆ (ಮುದ್ರಣದ ನಾಲ್ಕು ಶಾಯಿಗಳಾದ ಸಯಾನ್, ಮಜೆಂಟಾ, ಹಳದಿ, ಕಪ್ಪಿನ ಶೇಕಡ) ಕೇಳುತ್ತಾರೆ. ಲೆಕ್ಕದ ಪ್ರಕಾರ ಅದು 0, 34, 67, 60. ಆದರೆ ಶಾಯಿ ಮತ್ತು ಕಾಗದಕ್ಕೆ ತಕ್ಕಂತೆ ಕಂದು ಬಹಳ ಬದಲಾಗುತ್ತದೆ, ಆದ್ದರಿಂದ ಪೊಟ್ಟಣದ ಕಾಗದದ ಮೇಲೆಯೇ ಒಂದು ಪ್ರೂಫ್ ತೆಗೆಸಿ, ಹುರಿದ ಬೀಜವನ್ನು ಪಕ್ಕದಲ್ಲಿಟ್ಟು ಹಗಲು ಬೆಳಕಿನಲ್ಲಿ ನೋಡಿದ ಮೇಲೆ ಒಪ್ಪಿಗೆ ಕೊಡಿ.