ಮೂರನೇ ಕೂಳೆ ಬಿಡಬೇಕಾ, ಬುಡ ಕಿತ್ತು ಹೊಸ ಕಬ್ಬು ನೆಡಬೇಕಾ?

ಪಾಂಡವಪುರದ ಕಬ್ಬು:
ಎರಡು ಎಕರೆ ಕಬ್ಬು, ತಳಿ ಕೋ 86032. ತನಿ ಬೆಳೆ (ನೆಟ್ಟ ಮೊದಲ ಬೆಳೆ) ಆಯಿತು, ಎರಡು ಕೂಳೆಯೂ (ಕಡಿದ ಬುಡದಿಂದ ಮತ್ತೆ ಚಿಗುರಿದ ಬೆಳೆ) ಆಯಿತು. ಫೆಬ್ರವರಿಯಲ್ಲಿ ಕಟಾವು ಮುಗಿದಿದೆ. ಎರಡನೇ ಕೂಳೆಯಲ್ಲಿ ತೂಕ ಇಳಿದಿತ್ತು, ಅಲ್ಲಲ್ಲಿ ಗ್ಯಾಪ್ ಬಿದ್ದಿದೆ. ಕೆಲವು ಬುಡದಲ್ಲಿ ಎಲೆ ಬೆಳ್ಳಗೆ ಬಂದಿತ್ತು. ಮೂರನೇ ಕೂಳೆ ಬಿಟ್ಟರೆ ಬಿತ್ತನೆ ಕಬ್ಬು, ಉಳುಮೆ ಎರಡರ ಖರ್ಚೂ ಉಳಿಯುತ್ತದೆ. ಅಪ್ಪ ಬಿಡು ಅನ್ನುತ್ತಾರೆ, ಅಣ್ಣ ಕೀಳು ಅನ್ನುತ್ತಾನೆ. ಗದ್ದೆ ತುಂಬಾ ತರಗು ಬಿದ್ದಿದೆ, ಅದಕ್ಕೂ ಏನು ಮಾಡಬೇಕು ಗೊತ್ತಾಗುತ್ತಿಲ್ಲ. ಅನುಭವ ಇರುವವರು ಹೇಳಿ.

ಗಾಣದ ಮನೆ:
ಕೀಳಿ. ಎರಡು ಕೂಳೆ ಆದ ಮೇಲೆ ಮೂರನೆಯದಕ್ಕೆ ಆಸೆ ಪಡಬಾರದು. ಹಳೇ ಬೇರು ಸತ್ತಿರುತ್ತದೆ, ಹೊಸ ಬೇರು ಮೇಲೆ ಮೇಲೆಯೇ ಹರಡುತ್ತದೆ, ಒಂದು ಗಾಳಿ ಮಳೆಗೆ ಕಬ್ಬು ಮಲಗುತ್ತದೆ. ಗ್ಯಾಪ್ ಬಿದ್ದ ಜಾಗಕ್ಕೂ ನೀರು ಗೊಬ್ಬರ ಹಾಕುತ್ತೀರಿ, ಅಲ್ಲಿ ಬೆಳೆಯುವುದು ಕಳೆ. ಉಳಿಯಿತು ಅಂದುಕೊಂಡ ದುಡ್ಡು ತೂಕದಲ್ಲಿ ಹೋಗುತ್ತದೆ.

ಕೃಷ್ಣಾ ತೀರ:
‘ಎರಡು ಕೂಳೆ ಆದ ಮೇಲೆ’ ಅಂತ ಯಾವ ಶಾಸನದಲ್ಲಿ ಬರೆದಿದೆ? ಬ್ರೆಜಿಲ್‌ನಲ್ಲಿ ಒಂದು ಸಲ ನೆಟ್ಟರೆ ಐದಾರು ಕಟಾವು ತೆಗೆಯುತ್ತಾರೆ. ನಮ್ಮ ರಾಯಬಾಗದ ಕಡೆ ನಾಲ್ಕನೇ ಕೂಳೆ ಬಿಟ್ಟವರಿದ್ದಾರೆ. ಲಾಗಣಿ (ಹೊಸ ನಾಟಿ) ಮಾಡಲು ಎಕರೆಗೆ ಮೂರು ಟನ್ ಹತ್ತಿರ ಬಿತ್ತನೆ ಕಬ್ಬು ಬೇಕು. ಈಗಿನ ದರದಲ್ಲಿ ಅದೇ ಹತ್ತು ಸಾವಿರ. ಆಳು, ನೇಗಿಲು, ಸಾಲು ಬೇರೆ. ಕೂಳೆ ಒಂದು ತಿಂಗಳು ಮೊದಲೇ ಕಟಾವಿಗೂ ಬರುತ್ತದೆ. ಆ ರವದಿಗೆ (ನೀವು ಹೇಳುವ ತರಗಿಗೆ) ಒಂದು ಕಡ್ಡಿ ಗೀರಿ, ನೀರು ಬಿಡಿ, ಹದಿನೈದು ದಿನದಲ್ಲಿ ಸಾಲು ತುಂಬಾ ಮೊಳಕೆ ನೋಡಿ.

ಮಣ್ಣು ಮೊದಲು:
‘ಒಂದು ಕಡ್ಡಿ ಗೀರಿ’. ಇದನ್ನು ಇಷ್ಟು ಸುಲಭವಾಗಿ ಹೇಗೆ ಬರೆಯುತ್ತೀರಿ? ಎಕರೆಗೆ ಮೂರು ನಾಲ್ಕು ಟನ್ ಒಣ ತರಗು ಬೀಳುತ್ತದೆ. ಭೂಮಿಗೆ ಸೇರಬೇಕಾದ ಅಷ್ಟೂ ಸಾವಯವ ವಸ್ತು ಅರ್ಧ ಗಂಟೆಯಲ್ಲಿ ಹೊಗೆ. ಸಾರಜನಕ ಹೋಯಿತು, ಗಂಧಕ ಹೋಯಿತು. ಮೇಲಿನ ಎರೆಹುಳು, ಕಾಂಡ ಕೊರೆಯುವ ಹುಳುವಿನ ಮೊಟ್ಟೆ ತಿನ್ನುವ ಪರತಂತ್ರ ಜೀವಿ ಎಲ್ಲಾ ಸತ್ತವು. ಬಿಸಿಗೆ ಬುಡದ ಮೇಲಿನ ಮೊಳಕೆ ಕಣ್ಣುಗಳೂ ಬೆಂದು ಹೋಗುತ್ತವೆ.

ಕೃಷ್ಣಾ ತೀರ:
‘ಸಾರಜನಕ ಹೋಯಿತು’. ಲೆಕ್ಕ ಹಾಕೋಣ. ಒಣ ರವದಿಯಲ್ಲಿ ಸಾರಜನಕ ಶೇ. 0.4ರ ಆಸುಪಾಸು. ನಾಲ್ಕು ಟನ್‌ಗೆ 16 ಕಿಲೋ. ಅಂದರೆ 35 ಕಿಲೋ ಯೂರಿಯಾ. ಒಂದು ಮೂಟೆ ಕೂಡ ಆಗಲಿಲ್ಲ, 270 ರೂಪಾಯಿಯೊಳಗೆ ಬರುತ್ತದೆ. ಪೊಟ್ಯಾಷ್ ಬಹುಪಾಲು ಬೂದಿಯಲ್ಲೇ ಉಳಿಯುತ್ತದೆ. ಅದಕ್ಕಾಗಿ ನಾನು ರವದಿ ಬಿಟ್ಟು ಅದರೊಳಗೆ ಹೆಗ್ಗಣ ಸಾಕಬೇಕಾ?

ಮಣ್ಣು ಮೊದಲು:
ನಾನು ಸಾವಯವ ವಸ್ತು ಅಂದರೆ ನೀವು ಯೂರಿಯಾ ಮೂಟೆ ಲೆಕ್ಕ ಕೊಡುತ್ತೀರಿ. ಇಂಗಾಲವನ್ನು ಯಾವ ಅಂಗಡಿಯಲ್ಲಿ ಮೂಟೆ ಲೆಕ್ಕದಲ್ಲಿ ತರುತ್ತೀರಿ? ನೀವೇ ಬ್ರೆಜಿಲ್ ಹೆಸರು ಹೇಳಿದಿರಿ. ಅದೇ ಬ್ರೆಜಿಲ್‌ನ ಸಾವೊ ಪಾವ್ಲೊ ರಾಜ್ಯ 2002ರಲ್ಲಿ ಕಾನೂನು ಮಾಡಿ ಕಬ್ಬು ಸುಡುವುದನ್ನು ಹಂತ ಹಂತವಾಗಿ ನಿಲ್ಲಿಸಲು ಹೊರಟಿತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಹಸಿಯಾಗಿಯೇ ಕಡಿದು ತರಗನ್ನು ಹೊದಿಕೆಯಾಗಿ ಬಿಟ್ಟು ಕೂಳೆ ಬೆಳೆಸುತ್ತಾರೆ.

ಕೃಷ್ಣಾ ತೀರ:
ಆ ಕಾನೂನು ನಿಂತ ಕಬ್ಬಿಗೆ ಬೆಂಕಿ ಹಾಕುವುದರ ಬಗ್ಗೆ. ಕಟಾವಿಗೆ ಮೊದಲು ಸುಡುತ್ತಿದ್ದರು. ನಾನು ಹೇಳುತ್ತಿರುವುದು ಕಟಾವು ಆದ ಮೇಲೆ ಬಿದ್ದ ರವದಿ. ಎರಡನ್ನೂ ಬೆರೆಸಬೇಡಿ.

ಮಣ್ಣು ಮೊದಲು:
ಬೆಂಕಿ ಬೆಂಕಿಯೇ. ಹೊಗೆ ಹೊಗೆಯೇ.

ಅಗ್ರಿ ಓದಿದವನು:
ಮೊದಲು ಕೇಳಿದವರ ಗದ್ದೆ ನೋಡೋಣ. ನಾಲ್ಕಾರು ಕಡೆ ಬುಡ ಅಗೆದು ಉದ್ದಕ್ಕೆ ಸೀಳಿ ನೋಡಿ. ಒಳಗೆ ಬೆಳ್ಳಗೆ ಗಟ್ಟಿಯಾಗಿದ್ದು ಮಣ್ಣಿನ ಕೆಳಗಿನ ಕಣ್ಣು ಉಬ್ಬಿಕೊಂಡಿದ್ದರೆ ಬುಡಕ್ಕೆ ಜೀವ ಇದೆ. ಕೆಂಪಾಗಿ ಹುಳಿ ವಾಸನೆ ಬಂದರೆ ಕೆಂಪು ಕೊಳೆ, ಯೋಚನೆ ಮಾಡದೆ ಕೀಳಿ. ಜೀವ ಇದ್ದರೆ ಮೋಟನ್ನು ನೆಲಮಟ್ಟಕ್ಕೆ ಸವರಬೇಕು. ಮೋಟು ಎತ್ತರ ಬಿಟ್ಟರೆ ಮೇಲಿನ ಕಣ್ಣು ಮೊದಲು ಒಡೆಯುತ್ತದೆ, ಅದರ ಬೇರು ಮಣ್ಣಿಗೆ ಇಳಿಯುವುದಿಲ್ಲ. ಸಾಲಿನ ಎರಡೂ ಪಕ್ಕ ನೇಗಿಲು ಹಾಯಿಸಿ ಹಳೇ ಬೇರು ಕತ್ತರಿಸಬೇಕು. ಎರಡು ಅಡಿಗಿಂತ ದೊಡ್ಡ ಗ್ಯಾಪ್‌ಗೆ ತಿಂಗಳೊಳಗೆ ಟ್ರೇ ಸಸಿ (ಟ್ರೇಯಲ್ಲಿ ಬೆಳೆಸಿದ ಕಬ್ಬಿನ ಸಸಿ) ಹಾಕಬೇಕು. ತನಿ ಬೆಳೆಗೆ ಹೆಕ್ಟೇರಿಗೆ 250 ಕಿಲೋ ಸಾರಜನಕ ಅಂತ ಶಿಫಾರಸು ಇದೆ. ಕೂಳೆಗೆ ಅದರ ಮೇಲೆ ಶೇ. 25 ಜಾಸ್ತಿ ಕೊಡಬೇಕು, ಮೊದಲ ಕಂತನ್ನು ಬೇಗ ಕೊಡಬೇಕು. ತರಗು ಕೊಳೆಯುವಾಗ ಸೂಕ್ಷ್ಮಜೀವಿಗಳು ಮೊದಲು ಮಣ್ಣಿನ ಸಾರಜನಕವನ್ನೇ ಹಿಡಿದಿಟ್ಟುಕೊಳ್ಳುತ್ತವೆ.

ಕೃಷ್ಣಾ ತೀರ:
‘ಮಣ್ಣಿನ ಸಾರಜನಕವನ್ನೇ ಹಿಡಿದಿಟ್ಟುಕೊಳ್ಳುತ್ತವೆ’. ಓದಿದವರೇ ಹೇಳಿದರು. ಅಂದರೆ ರವದಿ ಬಿಟ್ಟರೆ ಬೆಳೆಗೆ ನಷ್ಟ. ಚರ್ಚೆ ಮುಗಿಯಿತು ಅಲ್ವಾ?

ಅಗ್ರಿ ಓದಿದವನು:
‘ಮೊದಲು’ ಅಂತ ಬರೆದಿದ್ದೇನೆ. ಕೊಳೆತ ಮೇಲೆ ವಾಪಸ್ ಕೊಡುತ್ತವೆ. ತರಗಿನ ಮೇಲೆ ಸ್ವಲ್ಪ ಯೂರಿಯಾ, ಸೂಪರ್ ಫಾಸ್ಫೇಟ್, ಕೊಳೆಸುವ ಜೀವಾಣು ಗೊಬ್ಬರ ಎರಚಿ ನೀರು ಹಾಯಿಸಿದರೆ ಬೇಗ ಕೊಳೆಯುತ್ತದೆ.

ಟ್ರ್ಯಾಕ್ಟರ್ ಶಿವು:
ತರಗು ಹಾಗೇ ಬಿಟ್ಟರೆ ನೇಗಿಲು ಎಲ್ಲಿ ಹಾಯಿಸುತ್ತೀರಿ ಸಾರ್? ಹತ್ತು ಮಾರು ಹೋಗುವುದರೊಳಗೆ ಹಲ್ಲಿಗೆ ಸುತ್ತಿಕೊಂಡು ಎತ್ತಿ ಎತ್ತಿ ಬಿಡಿಸಬೇಕು. ಪಕ್ಕ ಒಡೆಯಿರಿ ಅಂತೀರಿ, ತರಗು ಬಿಡಿ ಅಂತೀರಿ. ಎರಡೂ ಒಟ್ಟಿಗೆ ಆಗುವುದಿಲ್ಲ. ತರಗು ಪುಡಿ ಮಾಡುವ ಮಷಿನ್ ಬಾಡಿಗೆ ಎಲ್ಲರ ಕೈಗೆ ಎಟುಕುವುದಿಲ್ಲ.

ಮಣ್ಣು ಮೊದಲು:
ಸಾಲು ಬಿಟ್ಟು ಸಾಲಿಗೆ ತರಗು ತುಂಬಿ. ಖಾಲಿ ಸಾಲಿನಲ್ಲಿ ನೀರು ಹಾಯಿಸಿ, ಗೊಬ್ಬರ ಕೊಡಿ. ನಮ್ಮ ತಾಲ್ಲೂಕಿನಲ್ಲಿ ಹೀಗೆ ಮಾಡುವವರು ಬೇಸಿಗೆಯಲ್ಲಿ ಎರಡು ನೀರಿನ ನಡುವೆ ದಿನ ಜಾಸ್ತಿ ತಡೆಯುತ್ತಾರೆ. ತರಗಿನ ಕೆಳಗೆ ಕೈ ಹಾಕಿ ನೋಡಿ, ಮೇಲೆ ಬಿಸಿಲು ಸುಡುತ್ತಿದ್ದರೂ ಮಣ್ಣು ತಣ್ಣಗೆ ಒದ್ದೆ ಇರುತ್ತದೆ. ಕಳೆ ಏಳುವುದಿಲ್ಲ. ಎಳೆ ಸುಳಿ ಕೊರೆಯುವ ಹುಳುವೂ ಕಡಿಮೆ.

ಕೃಷ್ಣಾ ತೀರ:
‘ಒದ್ದೆ ಇರುತ್ತದೆ’. ನಿಮ್ಮ ಕೆಂಪು ಮಣ್ಣಿಗೆ ಅದು ಒಳ್ಳೆಯದು. ನಮ್ಮದು ಎರೆ. ಮಳೆಗಾಲದಲ್ಲಿ ಮೊದಲೇ ನೀರು ಇಂಗುವುದಿಲ್ಲ. ಮೇಲೆ ರವದಿ ಹೊದಿಸಿದರೆ ಬುಡ ಕೊಳೆಯುತ್ತದೆ. ಅದರೊಳಗೆ ಇಲಿ ಹೆಗ್ಗಣ ಮನೆ ಮಾಡಿ ಕಬ್ಬಿನ ಬುಡ ಕಡಿಯುತ್ತವೆ. ಆ ನಷ್ಟವನ್ನು ನೀವು ಕೊಡುತ್ತೀರಾ?

ಮಣ್ಣು ಮೊದಲು:
ನಷ್ಟದ ಮಾತು ಬಂತಲ್ಲ, ಕೇಳಿ. ಹೋದ ವರ್ಷ ಪಕ್ಕದ ಗದ್ದೆಯವರು ಮಧ್ಯಾಹ್ನ ತರಗಿಗೆ ಬೆಂಕಿ ಹಾಕಿದರು. ಗಾಳಿ ತಿರುಗಿತು. ನನ್ನ ಬದುವಿನ ಮೂರು ತೆಂಗಿನ ಸಸಿ ಹೋದವು, ಡ್ರಿಪ್ ಪೈಪು ಕರಗಿ ಸಾಲಿಗೆ ಅಂಟಿಕೊಂಡಿತು. ‘ಗಾಳಿ ಬಂತು, ನಾನೇನು ಮಾಡಲಿ’ ಅಂದರು. ನೀವು ಎರೆ ಮಣ್ಣು, ಕೆಂಪು ಮಣ್ಣು ಅನ್ನುತ್ತೀರಿ. ಬೆಂಕಿಗೆ ಬದು ಯಾವುದು ಅಂತ ಗೊತ್ತಾ?

ಕೃಷ್ಣಾ ತೀರ:
ಮಧ್ಯಾಹ್ನ ಹಾಕಿದ್ದು ಅವರ ತಪ್ಪು. ಬೆಳಗಿನ ಜಾವ ಗಾಳಿ ಇಲ್ಲದಾಗ, ಸುತ್ತ ಎರಡು ಮಾರು ರವದಿ ಎಳೆದು, ಅಂಚಿಗೆ ನೀರು ಹಾಯಿಸಿ ಸುಡಬೇಕು. ಒಬ್ಬರು ಕುಡಿದು ಟ್ರ್ಯಾಕ್ಟರ್ ಓಡಿಸಿದರೆ ಟ್ರ್ಯಾಕ್ಟರ್ ಬೇಡ ಅಂತೀರಾ?

ಮಣ್ಣು ಮೊದಲು:
ನನ್ನ ಗದ್ದೆ ಸುಟ್ಟಿದ್ದಕ್ಕೆ ನೀವು ಕೊಡುವ ಉತ್ತರ ಇದಾ? ನಿಮ್ಮ ಊರಿನಲ್ಲಿ ಉಸಿರಾಟದ ತೊಂದರೆ ಇರುವ ವಯಸ್ಸಾದವರು ಯಾರೂ ಇಲ್ವಾ? ಕಟಾವಿನ ಕಾಲದಲ್ಲಿ ಸಂಜೆ ನಮ್ಮಮ್ಮ ಕಿಟಕಿ ತೆಗೆಯುವುದಿಲ್ಲ.

ಕೃಷ್ಣಾ ತೀರ:
ಮನೆಯವರನ್ನು ಎಳೆದು ತಂದು ವಾದ ಗೆಲ್ಲಬೇಡಿ. ನನ್ನ ಮನೆಯಲ್ಲೂ ತಾಯಿ ಇದ್ದಾರೆ. ಕಬ್ಬಿನ ದುಡ್ಡಿನಲ್ಲೇ ಅವರಿಗೆ ಔಷಧಿ ತರುವುದು.

ಗಾಣದ ಮನೆ:
ಇಬ್ಬರೂ ಬೆಂಕಿ ಬಿಟ್ಟು ಬನ್ನಿ. ಅವರು ‘ಎಲೆ ಬೆಳ್ಳಗೆ ಬಂದಿತ್ತು’ ಅಂತ ಬರೆದಿದ್ದಾರೆ. ಅದನ್ನು ಯಾರೂ ಓದಿಲ್ಲ. ಅದು ಹುಲ್ಲು ಮೊಳಕೆ ರೋಗ. ಬುಡದಿಂದ ಗರಿಕೆ ಹಾಗೆ ತೆಳ್ಳಗೆ ನೂರಾರು ಮೊಳಕೆ ಬರುತ್ತವೆ, ಒಂದೂ ಕಬ್ಬಾಗುವುದಿಲ್ಲ. ಅಂಥ ಗದ್ದೆಯಲ್ಲಿ ಮೂರನೇ ಕೂಳೆ ಬಿಟ್ಟರೆ ರೋಗವನ್ನೇ ಸಾಕಿದಂತೆ.

ಟ್ರ್ಯಾಕ್ಟರ್ ಶಿವು:
ಬೆಳ್ಳಗಾದದ್ದೆಲ್ಲಾ ರೋಗ ಅಲ್ಲ. ಕೂಳೆಯಲ್ಲಿ ಕಬ್ಬಿಣದ ಅಂಶ ಕಮ್ಮಿಯಾದರೂ ಬೆಳ್ಳಗಾಗುತ್ತದೆ. ಫೆರಸ್ ಸಲ್ಫೇಟ್ ಹೊಡೆದರೆ ಹಸಿರಾಗುತ್ತದೆ. ನಮ್ಮ ಹಳ್ಳಿಯಲ್ಲಿ ಎಷ್ಟೋ ಜನ ಹೊಡೆದಿದ್ದಾರೆ.

ಗಾಣದ ಮನೆ:
ಹಸಿರಾಗದಿದ್ದರೆ? ಅಷ್ಟು ಹೊತ್ತಿಗೆ ಎರಡು ತಿಂಗಳು ಹೋಯಿತು, ಜಿಗಿ ಹುಳು ಪಕ್ಕದ ಬುಡಕ್ಕೂ ಅಂಟಿಸಿತು.

ಅಗ್ರಿ ಓದಿದವನು:
ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಕಬ್ಬಿಣದ ಕೊರತೆಯಾದರೆ ಎಳೆ ಎಲೆಯಲ್ಲಿ ನರ ಹಸಿರು, ನಡುವೆ ಬಿಳಿ ಪಟ್ಟಿ. ಮೊಳಕೆಯ ಸಂಖ್ಯೆ ಮಾಮೂಲಿ. ಹುಲ್ಲು ಮೊಳಕೆಯಾದರೆ ಬುಡವೇ ಪೊದೆ. ಪೊದೆ ಕಂಡರೆ ಬೇರು ಸಮೇತ ಕಿತ್ತು ದೂರ ಹಾಕಿ, ಅಲ್ಲಿಂದ ಬಿತ್ತನೆ ತೆಗೆಯಬೇಡಿ. ಇನ್ನೊಂದು ಮಾತು. ಕೂಳೆ ಕುಂಠಿತ ರೋಗ ಕಣ್ಣಿಗೆ ಹೆಚ್ಚು ಕಾಣುವುದೇ ಇಲ್ಲ, ಬರೀ ಕಬ್ಬು ಗಿಡ್ಡ, ಸಣ್ಣ. ಅದು ಕತ್ತಿಯಿಂದ ಹರಡುತ್ತದೆ. ಬೇರೆ ಗದ್ದೆ ಕಡಿದ ಮಚ್ಚು ತೊಳೆಯದೆ ನಿಮ್ಮ ಗದ್ದೆಗೆ ಬಂದರೆ ಸಾಕು. ಬಿತ್ತನೆಯನ್ನು 50 ಡಿಗ್ರಿ ಬಿಸಿನೀರಿನಲ್ಲಿ ಎರಡು ಗಂಟೆ ಇಡುವುದು ಇದಕ್ಕೇ. ತೂಕ ಇಳಿದದ್ದು ಇದರಿಂದಲೂ ಇರಬಹುದು.

ಕೃಷ್ಣಾ ತೀರ:
‘ಮಚ್ಚು ತೊಳೆಯದೆ’! ಟೋಳಿಯವರಿಗೆ (ಕಬ್ಬು ಕಡಿಯುವ ಗುಂಪಿನವರಿಗೆ) ಮಚ್ಚು ತೊಳೆಯಿರಿ ಅಂತ ಯಾರು ಹೇಳುತ್ತಾರೆ? ನೆಲಮಟ್ಟಕ್ಕೆ ಕಡಿಯಿರಿ ಅಂದರೇ ಕೇಳುವುದಿಲ್ಲ. ನಾಲ್ಕು ಬೆರಳು ಮೋಟು ಬಿಟ್ಟು ಹೋಗುತ್ತಾರೆ. ಸಕ್ಕರೆ ಹೆಚ್ಚಿರುವುದೇ ಬುಡದಲ್ಲಿ, ಅದೂ ಗದ್ದೆಯಲ್ಲೇ ಉಳಿಯಿತು. ಮೇಲೆ ಖುಷಿ ದುಡ್ಡು ಕೊಡಬೇಕು. ಕಚೇರಿಯಲ್ಲಿ ಕೂತು ಬರೆದದ್ದು ಗದ್ದೆಗೆ ಬರುವುದಿಲ್ಲ.

ಅಗ್ರಿ ಓದಿದವನು:
ನಾನು ಕಚೇರಿಯಲ್ಲಿ ಕೂತವನಲ್ಲ. ನನ್ನ ಮನೆಯಲ್ಲೂ ಒಂದೂವರೆ ಎಕರೆ ಕಬ್ಬಿದೆ. ಬ್ರೆಜಿಲ್ ಐದಾರು ಕಟಾವು ಅಂದಿರಿ. ಅಲ್ಲೂ ಕಟಾವಿನಿಂದ ಕಟಾವಿಗೆ ತೂಕ ಇಳಿಯುತ್ತದೆ. ಕೊನೆಗೆ ಕಿತ್ತು ಸೋಯಾಬೀನ್ ಅಥವಾ ಶೇಂಗಾ ಹಾಕಿ ಮಣ್ಣಿಗೆ ಬಿಡುವು ಕೊಡುವವರೂ ಇದ್ದಾರೆ. ಅದನ್ನು ಬಿಟ್ಟು ಬರೀ ಐದಾರು ಅನ್ನುವುದು ಸರಿಯಲ್ಲ.

ಕೃಷ್ಣಾ ತೀರ:
ಇಳಿದರೂ ಇಟ್ಟುಕೊಳ್ಳುತ್ತಾರಲ್ಲ! ಅಂದರೆ ಇಳಿದರೂ ಲಾಭ. ಅದನ್ನೇ ನಾನು ಹೇಳಿದ್ದು. ಚೀನಾದ ಯುನ್ನಾನ್‌ನಲ್ಲಿ ಭತ್ತವನ್ನೇ ಒಂದು ನಾಟಿಗೆ ನಾಲ್ಕು ವರ್ಷ, ಎಂಟು ಕಟಾವು ತೆಗೆದಿದ್ದಾರೆ. ಭತ್ತ ಮಾಡಿದ್ದನ್ನು ಕಬ್ಬು ಮಾಡುವುದಿಲ್ವಾ?

ಗಾಣದ ಮನೆ:
ಅದಕ್ಕಾಗಿಯೇ ಕಾಡು ಭತ್ತದ ಜೊತೆ ಸೇರಿಸಿ ಮಾಡಿದ ಬೇರೆ ತಳಿ ಅದು. ನಮ್ಮ 86032ಕ್ಕೆ ಯಾಕೆ ಹೋಲಿಸುತ್ತೀರಿ? ಲಾಭದ ಲೆಕ್ಕವನ್ನು ನಮ್ಮ ದರದಲ್ಲಿ ಹಾಕಿ. 2025–26ಕ್ಕೆ ಕೇಂದ್ರ ಇಟ್ಟ ದರ ಕ್ವಿಂಟಲ್‌ಗೆ 355 ರೂಪಾಯಿ, ಅದೂ ಶೇ. 10.25 ಸಕ್ಕರೆ ಇಳುವರಿಗೆ. ಶೇ. 9.5 ಇಲ್ಲವೇ ಅದಕ್ಕಿಂತ ಕಡಿಮೆ ಬರುವ ಕಾರ್ಖಾನೆಗೆ ಕೊಟ್ಟರೆ 329 ರೂಪಾಯಿ. ಹತ್ತು ಟನ್ ಕಮ್ಮಿಯಾದರೆ 33 ಸಾವಿರದ ಹತ್ತಿರ ಹೋಯಿತು. ನೀವು ಉಳಿಸಿದ ಬಿತ್ತನೆ ದುಡ್ಡು ಹತ್ತು ಸಾವಿರ.

ಕೃಷ್ಣಾ ತೀರ:
ಹತ್ತು ಟನ್ ಕಮ್ಮಿಯಾಗುತ್ತದೆ ಅಂತ ಯಾರು ಹೇಳಿದರು? ಅವರು ‘ತೂಕ ಇಳಿದಿತ್ತು’ ಅಂದರು, ಎಷ್ಟು ಅಂತ ಹೇಳಿಲ್ಲ.

ಪಾಂಡವಪುರದ ಕಬ್ಬು:
ಎಕರೆಗೆ ಐದಾರು ಟನ್ ಇಳಿದಿತ್ತು. ಇವತ್ತು ಕೆಲವು ಬುಡ ಅಗೆದು ಸೀಳಿದೆ. ಒಳಗೆ ಬೆಳ್ಳಗೇ ಇದೆ, ವಾಸನೆ ಇಲ್ಲ. ಕೆಳಗಿನ ಕಣ್ಣು ಉಬ್ಬಿವೆ. ಎರಡು ಕಡೆ ಮಾತ್ರ ಪೊದೆ ಇತ್ತು, ಕಿತ್ತು ಹಾಕಿದೆ. ಗ್ಯಾಪ್ ಕಾಲು ಭಾಗ ಇರಬಹುದು.

ಕೃಷ್ಣಾ ತೀರ:
ಐದಾರು! ಹತ್ತಲ್ಲ! ಬಿಡಿ, ಮೂರನೇ ಕೂಳೆ ಬಿಡಿ.

ಮಣ್ಣು ಮೊದಲು:
ಬಿಡಿ, ಆದರೆ ಸುಡಬೇಡಿ. ಮೊಳಕೆ ಬರಲು ಶುರುವಾಗಿದ್ದರೆ ಈಗ ಬೆಂಕಿ ಹಾಕಿದರೆ ಅವೂ ಹೋಗುತ್ತವೆ.

ಅಗ್ರಿ ಓದಿದವನು:
ಕಾಲು ಭಾಗ ಗ್ಯಾಪ್ ಜಾಸ್ತಿಯಾಯಿತು. ಆದರೂ ಬುಡ ಚೆನ್ನಾಗಿದ್ದರೆ ಟ್ರೇ ಸಸಿ ತಂದು ತುಂಬಬಹುದು. ದಟ್ಟ ಇರುವ ಕಡೆಯ ಬುಡವನ್ನು ಮಣ್ಣು ಸಮೇತ ಎಬ್ಬಿಸಿ, ಎರಡಾಗಿ ಸೀಳಿ ಗ್ಯಾಪ್‌ನಲ್ಲಿ ಕೂರಿಸಿದರೂ ಹಿಡಿಯುತ್ತದೆ. ಎಲೆ ಅರ್ಧ ಕತ್ತರಿಸಿ, ಅದೇ ದಿನ ನೀರು ಕೊಡಿ. ಏನು ಮಾಡಿದರೂ ತಿಂಗಳೊಳಗೆ ಆಗಬೇಕು. ತಡವಾದರೆ ಸುತ್ತಲಿನ ಕಬ್ಬು ಎತ್ತರ ಹೋಗಿ ಸಸಿ ನೆರಳಲ್ಲಿ ಸೊರಗುತ್ತದೆ.

ಗಾಣದ ಮನೆ:
‘ಅದೇ ದಿನ ನೀರು ಕೊಡಿ’. ಬೇಸಿಗೆಯಲ್ಲಿ ನಾಲೆ ನಿಲ್ಲಿಸಿದರೆ ಎಲ್ಲಿಂದ ಕೊಡುತ್ತಾರೆ? ಬೋರ್ ಇದೆಯಾ ಅಂತ ಒಬ್ಬರಾದರೂ ಕೇಳಿದಿರಾ? ಬೋರ್ ಇಲ್ಲದಿದ್ದರೆ ಆ ಸಸಿ ಏಪ್ರಿಲ್ ಬಿಸಿಲಿಗೆ ನಿಲ್ಲುವುದಿಲ್ಲ. ಈಗಲೇ ಕಿತ್ತು, ಮುಂಗಾರು ಹನಿ ಬಿದ್ದ ಕೂಡಲೇ ಸೆಣಬು ಅಥವಾ ಅಲಸಂದೆ ಎರಚಿ, ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಿ. ಜುಲೈನಲ್ಲಿ ನಾಲೆಗೆ ನೀರು ಬಿಟ್ಟ ಮೇಲೆ ರೋಗ ಇಲ್ಲದ ಬಿತ್ತನೆ ತಂದು ನೆಡಿ.

ಪಾಂಡವಪುರದ ಕಬ್ಬು:
ಬೋರ್ ಇದೆ. ಎರಡು ಇಂಚು ನೀರು ಬರುತ್ತದೆ.

ಗಾಣದ ಮನೆ:
ಎರಡು ಇಂಚಿನಲ್ಲಿ ಎರಡು ಎಕರೆ ಕೂಳೆ ಬೇಸಿಗೆ ದಾಟುವುದಿಲ್ಲ.

ಮಣ್ಣು ಮೊದಲು:
ತರಗು ಹೊದಿಸಿದರೆ ದಾಟುತ್ತದೆ.