ಸಾವಿನ ಮನೆಯಲ್ಲಿ ‘ಬರ್ತೀನ್ರಿ’ ಎಂದುಬಿಟ್ಟೆ

ತೊಗರಿಕಣಜ (ಕಲಬುರಗಿ):
ಕಳೆದ ವಾರ ಪರಿಚಯದವರೊಬ್ಬರ ಮನೆಗೆ ಮಾತನಾಡಿಸಲು ಹೋಗಿದ್ದೆ. ಹಿರಿಯರು ತೀರಿಕೊಂಡು ಮೂರು ದಿನವಾಗಿತ್ತು. ಏಳುವಾಗ ಬಾಯಿಂದ ತಾನಾಗಿಯೇ ‘ಬರ್ತೀನ್ರಿ’ ಎಂಬ ಮಾತು ಬಿದ್ದುಹೋಯಿತು. ಮೂಲೆಯಲ್ಲಿದ್ದ ಅಜ್ಜಿಯೊಬ್ಬರು ತಲೆಯೆತ್ತಿ ನೋಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡರು. ದಿನಕ್ಕೆ ಹತ್ತು ಸಲ ಆಡುವ, ಅರ್ಥ ಸವೆದುಹೋಗಿದೆಯೆಂದು ನಾನು ತಿಳಿದಿದ್ದ ಮಾತು ಅಲ್ಲಿ ಮಾತ್ರ ‘ಇಂಥದ್ದಕ್ಕೇ ಮತ್ತೆ ಬರುತ್ತೇನೆ’ ಎಂದು ಕೇಳಿಸಿದ್ದು ಹೇಗೆ? ನಮ್ಮವ್ವ ಬಳೆ ‘ಒಡೆಯಿತು’ ಎನ್ನದೆ ‘ಹೆಚ್ಚಿತು’ ಎನ್ನುವಾಗ, ದೀಪ ‘ಆರಿಸು’ ಎನ್ನದೆ ‘ಶಾಂತ ಮಾಡು’ ಎನ್ನುವಾಗ, ಆ ಅಳುಕು ಮನಸ್ಸಿನಲ್ಲಿ ಇರುತ್ತದೆಯೋ ಅಥವಾ ಬರೀ ರೂಢಿಯೋ?

ಬಿದರಿಕುಸುರಿ (ಬೀದರ್):
ಬಳೆಯ ಮಾತು ನಮ್ಮ ಕಡೆಯ ಮರಾಠಿಯಲ್ಲೂ ಹಾಗೆಯೇ ಇದೆ. ಅಲ್ಲಿಯೂ ಬಳೆ ‘ವಾಢಲಿ’, ಅಂದರೆ ಬೆಳೆಯಿತು. ಆದರೆ ಇಂಥವುಗಳ ಕಾರಣವನ್ನು ಕೇಳಿದರೆ ಯಾವ ಅವ್ವನಾದರೂ ಹೇಳಿಯಾಳು. ನನಗೆ ಹೆಚ್ಚು ಸೋಜಿಗವೆನಿಸುವುದು ಕೇಳಿದರೂ ಹೇಳಲಾಗದ ನಿಯಮ. ರೊಟ್ಟಿ ಗಿಟ್ಟಿ, ನೀರು ಗೀರು, ಊಟ ಗೀಟ: ಮೊದಲ ಅಕ್ಷರ ಹ್ರಸ್ವವಾಗಿದ್ದರೆ ‘ಗಿ’, ದೀರ್ಘವಾಗಿದ್ದರೆ ‘ಗೀ’. ಇದನ್ನು ಯಾರೂ ಕಲಿಸುವುದಿಲ್ಲ, ಆದರೂ ಶಾಲೆಯ ಮುಖ ನೋಡದ ಮಗುವೂ ತಪ್ಪುವುದಿಲ್ಲ. ಇನ್ನು ಅರ್ಥದ ಪದರ ನೋಡಿ. ‘ರೊಟ್ಟಿ ಗಿಟ್ಟಿ ಉಂಡಿಯೇನು?’ ಎಂದರೆ ಏನಾದರೂ ಹೊಟ್ಟೆಗೆ ಬಿತ್ತೇ ಎಂಬ ಅಕ್ಕರೆ. ‘ಸಾಲ ಗೀಲ ಅಂತ ಬರಬ್ಯಾಡ’ ಎಂದರೆ ಅದೇ ‘ಗೀ’ ಬಾಗಿಲು ಮುಚ್ಚುತ್ತದೆ.

ಬಿಸಿಲೂರು (ಯಾದಗಿರಿ):
ಒಂದು ಮಾತು ಸೇರಿಸುತ್ತೇನೆ. 1347ರಲ್ಲಿ ಬಹಮನಿಗಳು ಕಲಬುರಗಿಯಲ್ಲಿ ರಾಜಧಾನಿ ಕಟ್ಟಿದಂದಿನಿಂದ ನಮ್ಮ ಕನ್ನಡಕ್ಕೆ ಬಂದ ಫಾರಸಿ ಪದಗಳನ್ನು ಎಲ್ಲರೂ ಎಣಿಸುತ್ತಾರೆ, ಕನ್ನಡದಿಂದ ಆಚೆ ಹೋದದ್ದನ್ನು ಎಣಿಸುವವರು ಕಡಿಮೆ. ನಮ್ಮ ಕಡೆಯ ಉರ್ದುವಾದ ದಖನಿಯಲ್ಲಿ ‘ಆತೂಂ ಬೋಲ್ಕೆ ಬೋಲ್ಯಾ’ ಎನ್ನುವಾಗಿನ ‘ಬೋಲ್ಕೆ’ ನಮ್ಮ ‘ಬರ್ತೀನಂತ ಹೇಳಿದ’ ಎಂಬಲ್ಲಿನ ‘ಅಂತ’ದ ಅಚ್ಚು, ತೆಲುಗಿನ ‘ಅನಿ’ಯೂ ಅದೇ ಎರಕದ್ದು. ಪದವನ್ನು ಬೇಕೆಂದೇ ಎರವಲು ಪಡೆಯಬಹುದು, ಆದರೆ ವಾಕ್ಯದ ಕಟ್ಟು ಮಾತ್ರ ಸಂತೆಯಲ್ಲಿ, ಓಣಿಯಲ್ಲಿ ಯಾರಿಗೂ ಗೊತ್ತಾಗದಂತೆ ದಾಟುತ್ತದೆ.

ತೊಗರಿಕಣಜ:
ಇಬ್ಬರಿಗೂ ಶರಣು. ‘ಹೇಳಿಯಾಳು’ ಎಂದಿರಲ್ಲ, ನಿನ್ನೆ ರಾತ್ರಿ ಕೇಳಿಯೇಬಿಟ್ಟೆ. ಅವ್ವ ವಿವರಿಸಿದಳು ನಿಜ, ಆದರೆ ವಿವರಿಸುವಾಗಲೂ ‘ಒಡೆಯಿತು’ ಎಂಬ ಪದವನ್ನು ನಾಲಗೆಯ ಮೇಲೆ ತರಲಿಲ್ಲ; ‘ಆ ಮಾತು ಅನಬಾರದಪ್ಪ’ ಎಂದು ಬಲಗೈಯಿಂದ ಎಡಗೈಯ ಬಳೆಗಳನ್ನು ಮುಚ್ಚಿಕೊಂಡಳು. ಅಲ್ಲಿ ಅಳುಕು ಜೀವಂತವಾಗಿದೆ. ದೀಪದ ಮಾತು ಬೇರೆಯೇ ಇರಬಹುದು. ದೇವರ ಮುಂದಿನ ಹಣತೆಯನ್ನು ‘ಶಾಂತ ಮಾಡು’ ಎಂದವಳೇ ಮಲಗುವಾಗ ಯಾವ ಎಗ್ಗೂ ಇಲ್ಲದೆ ‘ಲೈಟ್ ಬಂದ್ ಮಾಡೋ’ ಎಂದಳು.