1613ಕ್ಕೆ ವಾಟರ್ ಸೆಪರೇಟರ್ ಹಾಕಿದ ಮೇಲೆ ಬೆಳಿಗ್ಗೆ ಸ್ಟಾರ್ಟ್ ಆಗ್ತಿಲ್ಲ, ಅನಮೋಡ ಘಾಟಿನಲ್ಲಿ ಎಳೆತ ಇಲ್ಲ

ಘಾಟ್‌ಗಾಡಿ, ವೆರ್ಣಾ:
ಟಾಟಾ 1613 ಲಾರಿ, 2004ರ ಗಾಡಿ, 697 ಟರ್ಬೊ ಎಂಜಿನ್, ಮೈಕೋ ಇನ್‌ಲೈನ್ ಪಂಪ್. ಮಳಿಗಾಲದಾಗ ಡೀಸೆಲ್ ಜೋಡಿ ನೀರು ಬರತೈತಿ ಅಂತ ಟ್ಯಾಂಕ್ ಮತ್ತ ಫೀಡ್ ಪಂಪ್ (ಟ್ಯಾಂಕಿಂದ ಡೀಸೆಲ್ ಎಳಿಯೂ ಪಂಪ್) ನಡುವ ಒಂದು ವಾಟರ್ ಸೆಪರೇಟರ್ ಕೂಡಿಸೇವಿ. ಹೋಸು, ಎಲ್ಬೊ, ಕ್ಲಿಪ್ ಎಲ್ಲಾ ಸೇರಿ 1,400 ರೂಪಾಯಿ. ಅವತ್ತಿಂದ ಎರಡು ತ್ರಾಸ. ಮುಂಜಾನೆ ಸೆಲ್ಫ್ ಹೊಡದ್ರ ಹಿಡಿಯಂಗಿಲ್ಲ, ಹ್ಯಾಂಡ್ ಪಂಪ್ 30–40 ಸಲ ಹೊಡದ ಮ್ಯಾಲೆ ಚಾಲೂ ಆಗತೈತಿ. ಮೊಲೆಮ್ ದಾಟಿ ಘಾಟ್ ಹತ್ತೂ ಮುಂದ ಲೋಡಿನ್ಯಾಗ ದಮ್ ಹೋಗತೈತಿ. ಹೊಗಿ ಜಾಸ್ತಿ ಇಲ್ಲ. ಡೀಸೆಲ್ ಎಲ್ಲೂ ಸೋರಂಗಿಲ್ಲ.

ನಳಿಕೆ, ವಾಸ್ಕೊ:
ಇಂಜೆಕ್ಷನ್ ಪಂಪಿನ ಫುಲ್ ಲೋಡ್ ಸ್ಕ್ರೂ (ಎಂಜಿನ್ನಿಗೆ ಹೆಚ್ಚೆಂದರೆ ಎಷ್ಟು ಡೀಸೆಲ್ ಅಂತ ಹೊಂದಿಸುವ ತಿರುಪು) ಅರ್ಧ ಸುತ್ತು ತಿರುಗಿಸಿ ನೋಡಿ, ಘಾಟಿನಲ್ಲಿ ಎಳೆತ ಬರುತ್ತೆ.

ಪಾನಾ17, ಫೋಂಡಾ:
ದಯವಿಟ್ಟು ಪಂಪಿನ ಸೀಲ್ ಮುಟ್ಟಬೇಡಿ. ಸೆಪರೇಟರ್ ಹಾಕುವ ಮುಂಚೆ ಗಾಡಿ ಸರಿಯಾಗಿ ಎಳೀತಿತ್ತು ಅಂದ ಮೇಲೆ ಪಂಪಿನ ಸೆಟ್ಟಿಂಗ್ ಕೆಟ್ಟಿಲ್ಲ. ಇವತ್ತು ಸ್ಕ್ರೂ ತಿರುಗಿಸಿ, ನಾಳೆ ಲೈನ್ ಸರಿಹೋದರೆ ಆ ಹೆಚ್ಚಿನ ಡೀಸೆಲ್ ಕರೀ ಹೊಗೆಯಾಗುತ್ತೆ. ಪಿಸ್ಟನ್ ಮತ್ತು ಟರ್ಬೊ ವಿಪರೀತ ಕಾಯುತ್ತವೆ, ಪಿಯುಸಿಯೂ ಸಿಗಲ್ಲ.

ಡೀಸೆಲ್ ಸೋರ್ತಿಲ್ಲ ಅನ್ನೋದರಿಂದ ಲೈನ್ ಸರಿಯಿದೆ ಅಂತ ಆಗಲ್ಲ. ಟ್ಯಾಂಕಿಂದ ಫೀಡ್ ಪಂಪಿನವರೆಗಿನದು ಎಳೆಯುವ ಲೈನ್. ಎಂಜಿನ್ ಓಡುವಾಗ ಒಳಗೆ ಒತ್ತಡ ಹೊರಗಿಗಿಂತ ಕಡಿಮೆ, ಹಾಗಾಗಿ ಸಂದಿಯಿದ್ದರೆ ಡೀಸೆಲ್ ಹೊರಗೆ ಬರಲ್ಲ, ಗಾಳಿ ಒಳಗೆ ಹೋಗುತ್ತೆ. ರಾತ್ರಿ ಗಾಡಿ ನಿಂತಾಗ ಅದೇ ಸಂದಿಯಿಂದ ಗಾಳಿ ಸೇರಿ ಲೈನಿನ ಡೀಸೆಲ್ ಟ್ಯಾಂಕಿಗೆ ಇಳಿದುಹೋಗುತ್ತೆ.

ಒಂದು ಮಾತು ಹೇಳಿ: ಟ್ಯಾಂಕ್ ಫುಲ್ ಇದ್ದ ದಿನವೂ ಹೀಗೇನಾ, ಇಲ್ಲ ಕಾಲು ಭಾಗಕ್ಕೆ ಇಳಿದಾಗ ಮಾತ್ರಾನಾ?

ಘಾಟ್‌ಗಾಡಿ, ವೆರ್ಣಾ:
ಖರೇ ಐತಿ, ಫುಲ್ ಇದ್ದಾಗ ಮುಂಜಾನೆ ಲಗೂನ ಹಿಡಿತೈತಿ. ಘಾಟಿನ್ಯಾಗ ಮಾತ್ರ ಫುಲ್ ಇದ್ರೂ ದಮ್ ಇಲ್ಲ.

ಪಾನಾ17, ಫೋಂಡಾ:
ಹಾಗಾದರೆ ಇವು ಎರಡು ಬೇರೆ ಬೇರೆ ದೋಷ. ಒಂದೇ ಅಂದುಕೊಂಡು ಹುಡುಕಿದರೆ ಅರ್ಧ ಮಾತ್ರ ಸಿಗುತ್ತೆ. ಬೆಳಗಿನದು ಗಾಳಿ. ಟ್ಯಾಂಕ್ ತುಂಬಿದ್ದಾಗ ಡೀಸೆಲ್ ಮಟ್ಟ ಜಾಯಿಂಟಿಗಿಂತ ಮೇಲಿರುತ್ತೆ, ಹಾಗಾಗಿ ಲೈನ್ ಖಾಲಿಯಾಗಲ್ಲ. ಘಾಟಿನದು ಬಿಗಿ, ಅಂದರೆ ಬೇಕಾದಷ್ಟು ಡೀಸೆಲ್ ದಾಟ್ತಿಲ್ಲ.

ಮೊದಲು ಗಾಳಿ. ಫೀಡ್ ಪಂಪಿಗೆ ಬರುವ ಕಡೆ ಒಂದು ಗೇಣು ಪಾರದರ್ಶಕ ಪೈಪ್ ಸಿಕ್ಕಿಸಿ, ಎಂಜಿನ್ 1,500 ಆರ್‌ಪಿಎಂನಲ್ಲಿಟ್ಟು ನೋಡಿ. ಮೊದಲ ಎರಡು ಮೂರು ನಿಮಿಷ ಗುಳ್ಳೆ ಬರೋದು ಸಹಜ. ಆಮೇಲೂ ಸಾಲಾಗಿ ಬರ್ತಿದ್ದರೆ ಗಾಳಿ ಎಳೀತಿದೆ. ಆ ಪೈಪ್ ಪರೀಕ್ಷೆಗೆ ಮಾತ್ರ, ಗಾಡಿಯಲ್ಲಿ ಬಿಡಬೇಡಿ. ಪಿವಿಸಿ ಡೀಸೆಲ್‌ಗೆ ಗಟ್ಟಿಯಾಗಿ ಸೀಳುತ್ತೆ.

ಜಾಗ ಹಿಡಿಯೋಕೆ ಲೈನನ್ನು ಟ್ಯಾಂಕಿನ ಕಡೆ ಬಿಚ್ಚಿ ಬಿರಡೆ ಹಾಕಿ. ಫೀಡ್ ಪಂಪಿನ ಕಡೆಯಿಂದ ಸೈಕಲ್ ಪಂಪಿನಲ್ಲಿ ಗಾಳಿ ತುಂಬಿ. 5 ಪಿಎಸ್‌ಐ ಸಾಕು, ಕಂಪ್ರೆಸರ್ ಬೇಡವೇ ಬೇಡ, ಪ್ಲಾಸ್ಟಿಕ್ ಬಟ್ಟಲು ಒಡೆಯುತ್ತೆ. ಪ್ರತಿ ಜಾಯಿಂಟಿಗೂ ಸಾಬೂನು ನೀರು ಹಚ್ಚಿ. ಎಲ್ಬೊ ಯಾವ ಥ್ರೆಡ್, ಅದಕ್ಕೆ ಟೆಫ್ಲಾನ್ ಟೇಪ್ ಸುತ್ತಿದ್ದೀರಾ, ಎಲ್ಬೊ ಒಳಗಿನ ತೂತು ಎಷ್ಟು? ಡ್ರಿಲ್ ಬಿಟ್‌ನ ಹಿಂಭಾಗ ಹಾಕಿ ಅಳೆಯಿರಿ.

ಘಾಟ್‌ಗಾಡಿ, ವೆರ್ಣಾ:
ನೋಡಿದೆ. ಸೆಪರೇಟರ್‌ನಿಂದ ಹೊರಗ ಹೋಗೂ ಎಲ್ಬೊದಾಗ ದೊಡ್ಡ ಗುಳ್ಳಿ. ಒಂದು ಕ್ಲಿಪ್ಪಿನ್ಯಾಗ ಸಣ್ಣ ಗುಳ್ಳಿ. ಎಲ್ಬೊ 1/4 ಬಿಎಸ್‌ಪಿ (ಇಂಚಿನ ಪೈಪ್ ಥ್ರೆಡ್), ಸೆಪರೇಟರ್ ಎಂ14×1.5 (ಎಂಎಂ ಥ್ರೆಡ್). ಟೇಪ್ ಸುತ್ತೇವಿ. ಎಲ್ಬೊ ಒಳಗ 6 ಎಂಎಂ ಬಿಟ್ ಹೋಗತೈತಿ, 6.5 ಹೋಗಂಗಿಲ್ಲ. ಹಳೇ ಪೈಪ್ ಒಳಗ 8.

ಪಾನಾ17, ಫೋಂಡಾ:
ಅಲ್ಲೇ ಇದೆ ಎಲ್ಲ. 1/4 ಬಿಎಸ್‌ಪಿಯ ಹೊರವ್ಯಾಸ 13.16 ಎಂಎಂ, ಇಂಚಿಗೆ 19 ಥ್ರೆಡ್. ಎಂ14ರದು 14 ಎಂಎಂ, ಪಿಚ್ 1.5. ಎರಡು ಸುತ್ತು ಹೋಗಿ ಬಿಗಿಯಾದ ಹಾಗೆ ಅನಿಸುತ್ತೆ, ಆದರೆ ಅದು ಥ್ರೆಡ್ ಒಂದಕ್ಕೊಂದು ಕಚ್ಚಿಕೊಂಡ ಬಿಗಿ, ಸೀಲ್ ಆದದ್ದಲ್ಲ. ಮೇಲೆ ಟೇಪ್. ಅದರ ಚೂರು ಹರಿದು ಫೀಡ್ ಪಂಪಿನ ವಾಲ್ವಿಗೆ ಸಿಕ್ಕಿದರೆ ವಾಲ್ವ್ ಮುಚ್ಚಲ್ಲ, ಆಗ ಜಾಯಿಂಟ್ ಸರಿಮಾಡಿದರೂ ಡೀಸೆಲ್ ವಾಪಸ್ ಇಳಿಯುತ್ತೆ. ಹಾಗಾಗಿ ಫೀಡ್ ಪಂಪಿನ ಎರಡೂ ವಾಲ್ವ್ ಬಿಚ್ಚಿ ತೊಳೆಯಿರಿ, ಸ್ಪ್ರಿಂಗ್ ಕಳೆದುಕೊಳ್ಳಬೇಡಿ.

ಎಲ್ಬೊ ಬಿಸಾಕಿ, ಎಂ14×1.5 ಬಾಂಜೊ ಬೋಲ್ಟ್ (ಒಳಗೆ ಡೀಸೆಲ್ ಹರಿಯುವ ಟೊಳ್ಳು ಬೋಲ್ಟ್, ಪೈಪಿನ ತುದಿಯ ಬಳೆಯನ್ನು ಹಿಡಿಯುತ್ತೆ) ಹಾಕಿ. ಬಾಂಜೊದ ಎರಡೂ ಕಡೆ 14 ಎಂಎಂ ತಾಮ್ರದ ವಾಷರ್, ಟೇಪ್ ಇಲ್ಲ. ಹಳೇ ವಾಷರ್ ಬಳಸೋದಾದರೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ಮೆತ್ತಗಾಗುತ್ತೆ. ಆಮೇಲೆ ನಯವಾದ ಎಮೆರಿಯಲ್ಲಿ ಮಸಿ ತೆಗೆಯಿರಿ. ತೂತು 8 ಎಂಎಂಗೆ ಹತ್ತಿರ ಇರೋದನ್ನೇ ಆರಿಸಿ. 6ಕ್ಕೂ 8ಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣಲ್ಲ, ಆದರೆ ದಾರಿಯ ವಿಸ್ತೀರ್ಣ ನೂರಕ್ಕೆ 56ಕ್ಕೆ ಇಳಿದಿದೆ. ನಿಂತಲ್ಲಿ ಅದು ಗೊತ್ತಾಗಲ್ಲ, ಘಾಟಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಗೊತ್ತಾಗುತ್ತೆ.

ಕ್ಲಿಪ್ ತಿರುಪಿನದಾ? ಸಣ್ಣ ಹೋಸಿಗೆ ಅದು ಪೂರ್ತಿ ದುಂಡಗೆ ಹಿಡಿಯಲ್ಲ, ಒಂದು ಕಡೆ ಸಂದಿ ಬಿಡುತ್ತೆ. ನಟ್-ಬೋಲ್ಟಿನ ಫ್ಯುಯೆಲ್ ಕ್ಲಿಪ್ ತನ್ನಿ. ತಾಮ್ರದ ಪೈಪ್ ಹಾಕೋ ಯೋಚನೆ ಇದ್ದರೆ ಬಿಡಿ, ತಾಮ್ರ ಡೀಸೆಲನ್ನು ಬೇಗ ಅಂಟಾಗಿಸುತ್ತೆ.

ಡೀಸೆಲ್‌ಮನಿ, ಮಡಗಾಂವ್:
ಹ್ಯಾಂಡ್ ಪಂಪನ್ನೂ ನೋಡಿ. ಅದರ ಒಳಗಿನ ಸೀಲ್ ಸವೆದಿದ್ದರೆ, ಇಲ್ಲವೇ ಗುಂಡಿ ಪೂರ್ತಿ ತಿರುಗಿಸಿ ಲಾಕ್ ಮಾಡದಿದ್ದರೆ ಅಲ್ಲಿಂದಲೇ ಗಾಳಿ ಎಳೆಯುತ್ತೆ. ಗುಂಡಿ ಸುತ್ತ ಗ್ರೀಸ್ ಮೆತ್ತಿ ಎಂಜಿನ್ ಓಡಿಸಿ, ಗುಳ್ಳೆ ನಿಂತರೆ ಕಳ್ಳ ಅಲ್ಲೇ.

ಘಾಟ್‌ಗಾಡಿ, ವೆರ್ಣಾ:
ಬಾಂಜೊ, ಹೊಸ ಕ್ಲಿಪ್ ಹಾಕೇವಿ, ಟೇಪಿನ ಚೂರು ಖರೇನ ವಾಲ್ವಿನ್ಯಾಗ ಇತ್ತು. ಈಗ ಟ್ಯಾಂಕ್ ಕಾಲು ಇದ್ರೂ ಮುಂಜಾನೆ ಒಂದ ಸೆಲ್ಫಿಗೆ ಹಿಡಿತೈತಿ. ಘಾಟಿನ್ಯಾಗ ಮೊದಲಿಗಿಂತ ಪಾಡ ಐತಿ, ಆದ್ರ ಕಡೀ ತಿರುವಿನ್ಯಾಗ ಇನ್ನೂ ಸೊರಗತೈತಿ.

ಪಾನಾ17, ಫೋಂಡಾ:
ಎರಡು ಉಳಿದಿವೆ. ಸೊರಗಿದ ತಕ್ಷಣ ಗಾಡಿ ನಿಲ್ಲಿಸಿ ಟ್ಯಾಂಕ್ ಮುಚ್ಚಳ ತೆಗೆಯಿರಿ. ಗಾಳಿ ಸುಂಯ್ ಅಂತ ಒಳಗೆ ಎಳೆದರೆ ಮುಚ್ಚಳದ ಉಸಿರು ತೂತು ಕಟ್ಟಿದೆ. ಸದ್ದಿಲ್ಲದಿದ್ದರೆ ಸೆಪರೇಟರ್ ಎಲಿಮೆಂಟ್ ಮೇಲೆ ಎಷ್ಟು ಮೈಕ್ರಾನ್ ಅಂತ ಓದಿ.

ಘಾಟ್‌ಗಾಡಿ, ವೆರ್ಣಾ:
ಮುಚ್ಚಳ ಸರಿ ಐತಿ. ಎಲಿಮೆಂಟ್ 10 ಮೈಕ್ರಾನ್.

ಪಾನಾ17, ಫೋಂಡಾ:
ಎಳೆಯುವ ಕಡೆಗೆ 10 ತುಂಬಾ ಸಣ್ಣ. 30ರದು ಹಾಕಿ. ಸಣ್ಣ ಕಸ ಹಿಡಿಯೋದು ಫೀಡ್ ಪಂಪಿನ ಆಚೆಗಿರುವ ಫಿಲ್ಟರ್‌ಗಳ ಕೆಲಸ, ಅಲ್ಲಿ ಡೀಸೆಲನ್ನು ತಳ್ಳೋಕೆ ಒತ್ತಡ ಇರುತ್ತೆ. ಹಾಗಂತ ಸೆಪರೇಟರನ್ನು ಆ ಕಡೆಗೆ ಸಾಗಿಸಬೇಡಿ. ಪಂಪ್ ದಾಟಿದ ನೀರು ಡೀಸೆಲಿನಲ್ಲಿ ಕಡೆದ ಹಾಗೆ ಸಣ್ಣ ಹನಿಯಾಗಿಬಿಡುತ್ತೆ, ಬಟ್ಟಲಲ್ಲಿ ಇಳಿಯಲ್ಲ.

ಹೊಸ ಎಲಿಮೆಂಟ್ ಕೂರಿಸುವಾಗ ಬಟ್ಟಲಿಗೆ ಮೊದಲೇ ಶುದ್ಧ ಡೀಸೆಲ್ ತುಂಬಿ, ರಬ್ಬರ್ ರಿಂಗಿಗೆ ಡೀಸೆಲ್ ಸವರಿ. ಫಿಲ್ಟರ್ ತಲೆಯ ಬ್ಲೀಡ್ ಸ್ಕ್ರೂ (ಗಾಳಿ ಹೊರಬಿಡುವ ತಿರುಪು) ಸಡಿಲಿಸಿ, ನೊರೆ ನಿಲ್ಲುವವರೆಗೆ ಹ್ಯಾಂಡ್ ಪಂಪ್ ಹೊಡೆದು ಮುಚ್ಚಿ. ಆಮೇಲೆ ಇಂಜೆಕ್ಷನ್ ಪಂಪಿನ ಬ್ಲೀಡ್ ಸ್ಕ್ರೂಗೂ ಹಾಗೇ.

ಘಾಟ್‌ಗಾಡಿ, ವೆರ್ಣಾ:
30 ಹಾಕಿದೆ. ಫುಲ್ ಲೋಡಿನ್ಯಾಗ ಅನಮೋಡ ಮೊದಲಿನಂಗ ಹತ್ತಿತು. ನೀರು ಎಷ್ಟು ದಿನಕ್ಕೊಮ್ಮೆ ಬಿಡಬೇಕು?

ಡೀಸೆಲ್‌ಮನಿ, ಮಡಗಾಂವ್:
ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಾ ಬೆಳಿಗ್ಗೆ, ಸೆಲ್ಫ್ ಹೊಡೆಯುವ ಮುಂಚೆ. ರಾತ್ರಿ ನಿಂತಾಗ ನೀರು ತಳಕ್ಕಿಳಿದಿರುತ್ತೆ. ಬಿಟ್ಟ ಮೇಲೆ ಕಾಕ್ ಬಿಗಿ ಮಾಡಿ, ಹ್ಯಾಂಡ್ ಪಂಪ್ ನಾಲ್ಕು ಸಲ ಹೊಡೆದು ಬಟ್ಟಲು ತುಂಬಿಸಿ. ಕಬ್ಬಿಣದ ಕಾಕ್ ಇದ್ದರೆ ಹಿತ್ತಾಳೆಯದಕ್ಕೆ ಬದಲಿಸಿ, ಇಲ್ಲಿನ ಉಪ್ಪುಗಾಳಿಗೆ ತುಕ್ಕು ಹಿಡಿದು ಅದೂ ಗಾಳಿ ಎಳೆಯೋಕೆ ಶುರುಮಾಡುತ್ತೆ.

ಪಾನಾ17, ಫೋಂಡಾ:
ಬಾಂಜೊ ಬೋಲ್ಟನ್ನು 100 ಕಿಲೋಮೀಟರ್ ಆದ ಮೇಲೆ, ಎಂಜಿನ್ ತಣ್ಣಗಿದ್ದಾಗ, ಒಂದು ಸಲ ಬಿಗಿ ನೋಡಿ. ಹೊಸ ವಾಷರ್ ಸ್ವಲ್ಪ ಕೂರುತ್ತೆ.